ಆರೋಗ್ಯದ ಆಯವ್ಯಯ: ಅಚ್ಚಾಗದ ಪುಟದ ವಿಚಾರ

೧

ಕಾವ್ಯ, ಶಾಸನ, ವ್ಯಾಕರಣಗಳ ಚರ್ಚೆಗೆ ಮೀಸಲಾದ ಪುಟಗಳಲ್ಲಿ ಸರಕಾರದ ಆಯವ್ಯಯ ಪತ್ರವನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂದು ಕೆಲವು ವಾಚಕರು ಕೇಳಬಹುದು. ಅವರಿಗೆ ನಮ್ಮ ಸಮಾಧಾನವಿಷ್ಟೆ: ಶಾಸನಗಳನ್ನು ಓದುವವರು ಬಹುಮಟ್ಟಿಗೆ ಓದುವುದು ದಾನದ ಲೆಕ್ಕಪತ್ರವನ್ನೇ. ಯಾವ ಅರಸನು ಯಾವ ಧರ್ಮಕಾರ್ಯಕ್ಕೆ ಎಷ್ಟು ಭೂಮಿಯನ್ನು ಬಿಟ್ಟನೆಂಬುದರಿಂದ ಆ ಕಾಲದ ಜನಜೀವನವನ್ನು ಊಹಿಸಲು ನಾವು ಕಲಿತಿದ್ದೇವೆ. ನಮ್ಮ ಕಾಲದ ದಾನಪತ್ರವು ಪ್ರತಿವರ್ಷ ಪಾರ್ಲಿಮೆಂಟಿನ ಮುಂದೆ ಮಂಡಿತವಾಗುತ್ತದೆ. ಅದನ್ನೂ ಅದೇ ಎಚ್ಚರದಿಂದ ಓದಬಾರದೇಕೆ? ಪ್ರಸ್ತುತ ಲೇಖನದಲ್ಲಿ ಆ ಪತ್ರದ ಒಂದು ಭಾಗವನ್ನು, ಎಂದರೆ ರಾಷ್ಟ್ರದ ಆರೋಗ್ಯಕ್ಕೆ ಸಂಬಂಧಿಸಿದ ಭಾಗವನ್ನು, ಪರಿಶೀಲಿಸುವುದು ನಮ್ಮ ಉದ್ದೇಶ.

ಈ ವಿಚಾರವನ್ನು ದಿಲ್ಲಿಯಿಂದ ಆರಂಭಿಸುವುದಕ್ಕಿಂತ ವಡಾಲದಿಂದ ಆರಂಭಿಸುವುದು ಮೇಲು. ವಡಾಲವನ್ನು ಮುಂಬಯಿಯ ಕನ್ನಡಿಗರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ನ್ಯಾಶನಲ್ ಕನ್ನಡ ಎಜ್ಯುಕೇಶನ್ ಸೊಸಾಯಿಟಿಯ ಶಾಲೆಯ ಮೂಲಕ ಅದು ನಮ್ಮ ಅನೇಕ ಮನೆತನಗಳ ಬಾಲ್ಯದೊಡನೆ ಬೆಸೆದುಕೊಂಡಿದೆ. ಆದರೆ ಸಾರ್ವಜನಿಕ ಆರೋಗ್ಯಕ್ಕೆ ಹಣ ಎಲ್ಲಿಂದ ಬರುತ್ತದೆಂಬ ಪ್ರಶ್ನೆಗೆ ನಾಲ್ಕು ಬಗೆಯ ಉತ್ತರಗಳು ಇದೊಂದೇ ನೆರೆಹೊರೆಯಲ್ಲಿ ದೊರೆಯುತ್ತವೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಮೊದಲನೆಯದು ಅಕ್‌ವರ್ತ್ ಕುಷ್ಠರೋಗ ರುಗ್ಣಾಲಯ. ಮುಂಬಯಿಯ ಮುನಿಸಿಪಲ್ ಕಮಿಶನರಾಗಿದ್ದ ಹ್ಯಾರಿ ಅಕ್‌ವರ್ತ್ ಅವರು ೧೮೯೦ರಲ್ಲಿ, ನಗರದ ಬೀದಿಗಳಲ್ಲಿ ಆಶ್ರಯವಿಲ್ಲದೆ ಅಲೆಯುತ್ತಿದ್ದ ಕುಷ್ಠರೋಗಿಗಳಿಗಾಗಿ ಇದನ್ನು ಸ್ಥಾಪಿಸಿದರು. ಮರಾಠಿ ಪೊವಾಡಗಳನ್ನು ಇಂಗ್ಲಿಷಿಗೆ ತಂದು ೧೮೯೪ರಲ್ಲಿ ಪ್ರಕಟಿಸಿದ ಅಕ್‌ವರ್ತರೂ ಇವರೇ. ಈ ಆಶ್ರಯಧಾಮ ನಿಂತದ್ದು ಸಾರ್ವಜನಿಕರ ವಂತಿಗೆಯ ಮೇಲೆ ಮತ್ತು ಸರಕಾರ, ನಗರಸಭೆಗಳ ಸಹಾಯದ ಮೇಲೆ. ಕರುಣೆಯೊಡನೆ ಭಯವೂ ಸೇರಿ ಆ ಹಣ ಕೂಡಿಬಂದಿತೆಂದರೆ ತಪ್ಪಾಗದು. ಎರಡನೆಯದು ವಡಾಲದ ಬೀದಿಗಳೇ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಅದರ ಫಲವಾಗಿ ೧೮೯೮ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟು ಹುಟ್ಟಿತು. ಇಕ್ಕಟ್ಟಾದ ದಕ್ಷಿಣದ ಕೇರಿಗಳಿಂದ ಜನರನ್ನು ಬಿಡಿಸಿ ಗಾಳಿ ಬೆಳಕಿರುವೆಡೆ ನೆಲೆಗೊಳಿಸಲು ಅದು ದಾದರ, ಮಾಟುಂಗ, ವಡಾಲಗಳ ಯೋಜನೆಯನ್ನು ಕೈಕೊಂಡಿತು. ಇಲ್ಲಿ ಆರೋಗ್ಯದ ಹಣ ಔಷಧಕ್ಕೆ ಹೋಗದೆ ರಸ್ತೆಗೂ ಚರಂಡಿಗೂ ಹೋಯಿತು. ಮೂರನೆಯದು ಬಂದರಿನ ಆಡಳಿತವು ತನ್ನ ನೌಕರರಿಗಾಗಿ ವಡಾಲದಲ್ಲಿ ಕಟ್ಟಿಸಿದ ಆಸ್ಪತ್ರೆ. ಅಲ್ಲಿ ಧಣಿಯೇ ದಾತಾರ, ದುಡಿಯುವವನೇ ಪಾತ್ರ. ನಾಲ್ಕನೆಯದು ಮಗ್ಗುಲಲ್ಲಿರುವ ಶಿವಡಿಯ ಕ್ಷಯರೋಗ ರುಗ್ಣಾಲಯ. ಅದು ನಗರಪಾಲಿಕೆಯ ತೆರಿಗೆಯಿಂದ ನಡೆಯುವಂಥದು.

ವಂತಿಗೆ, ನಗರಯೋಜನೆ, ಧಣಿಯ ಹೊಣೆ, ತೆರಿಗೆ ಎಂಬ ಈ ನಾಲ್ಕರಲ್ಲಿಯೂ ಒಂದು ಮಾತು ಸಮಾನವಾಗಿದೆ. ಹಣ ಯಾರದೆಂಬುದು ಸ್ಪಷ್ಟವಾಗಿತ್ತು. ಆದುದರಿಂದ ಆರೈಕೆ ಯಾರಿಗೆಂಬುದೂ ಸ್ಪಷ್ಟವಾಗಿತ್ತು. ರಾಷ್ಟ್ರದ ಆರೋಗ್ಯಾಯವ್ಯಯದಲ್ಲಿ ಈ ಸ್ಪಷ್ಟತೆ ಉಂಟೇ ಎಂಬುದು ನಮ್ಮ ಮುಖ್ಯ ಪ್ರಶ್ನೆ.

೨

ವಿಮರ್ಶೆಗೆ ಒಂದು ಒರೆಗಲ್ಲು ಬೇಕು. ಅದನ್ನು ನಮ್ಮ ನಾಡಿನಿಂದಲೇ ತೆಗೆದುಕೊಳ್ಳಬಹುದು. ರೈಸರು ಸಂಪಾದಿಸಿದ ಶಾಸನಗಳಲ್ಲಿ ಬಳ್ಳಿಗಾವೆಯ ಕೋಡಿಯಮಠಕ್ಕೆ ಸಂಬಂಧಿಸಿದ, ೧೧೬೨ರ, ಬಿಜ್ಜಳನ ಕಾಲದ ಶಾಸನವೊಂದಿದೆ. ಕೇದಾರೇಶ್ವರ ದೇವಾಲಯದ ಆ ಮಠವು ವಿದ್ಯಾಸ್ಥಾನವಾಗಿದ್ದುದಲ್ಲದೆ, ದೀನರಿಗೆ ಅನ್ನವನ್ನೂ ಅನಾಥ ರೋಗಿಗಳಿಗೆ ಔಷಧವನ್ನೂ ಕೊಡುವ ನೆಲೆಯಾಗಿತ್ತೆಂದು ಅದು ವರ್ಣಿಸುತ್ತದೆ. ಶಾಸನದ ಪ್ರಶಂಸೆಯನ್ನು ಅಕ್ಷರಶಃ ನಂಬಬೇಕೆಂದು ನಾವು ಹೇಳುತ್ತಿಲ್ಲ. ನಮಗೆ ಬೇಕಾದುದು ದತ್ತಿಶಾಸನಗಳ ರಚನಾಕ್ರಮ.

ಯಾವುದೇ ದತ್ತಿಶಾಸನವನ್ನು ನೋಡಿರಿ. ಅದು ಮೂರು ಸಂಗತಿಗಳನ್ನು ತಪ್ಪದೆ ಹೇಳುತ್ತದೆ: ಕಾರ್ಯವೇನು, ಅದಕ್ಕೆ ಬಿಟ್ಟ ಭೂಮಿ ಯಾವುದು ಮತ್ತು ಅದರ ಎಲ್ಲೆ ಯಾವುದು, ಅದನ್ನು ನಡೆಸಬೇಕಾದವರು ಯಾರು. ಕೊನೆಗೆ, ಅದನ್ನು ಅಳುಪಿದವನಿಗೆ ಒದಗುವ ಪಾಪವನ್ನೂ ಹೇಳಿ ಮುಗಿಸುತ್ತದೆ. ಕಾರ್ಯ, ಮೂಲ, ಹೊಣೆ, ತಪ್ಪಿದರೆ ದೋಷ ಎಂಬ ಈ ನಾಲ್ಕು ಅಂಗಗಳಲ್ಲಿ ಒಂದು ಕೊರತೆಯಾದರೂ ಅದು ದತ್ತಿಯೆನಿಸದು, ಬರಿಯ ಆಶಯವಾದೀತು. ಸ್ವಾತಂತ್ರ್ಯದ ಹೊಸ್ತಿಲಿನಿಂದ ಇಂದಿನವರೆಗೆ ನಮ್ಮ ಆರೋಗ್ಯದ ಕುರಿತು ಬಂದ ಪ್ರಮುಖ ಪತ್ರಗಳನ್ನು ಈ ನಾಲ್ಕು ಅಂಗಗಳಿಂದ ಅಳೆದು ನೋಡೋಣ.

೩

ಮೊದಲನೆಯದು ಭೋರ್ ಸಮಿತಿಯ ವರದಿ. ಸರ್ ಜೋಸೆಫ್ ಭೋರರ ಅಧ್ಯಕ್ಷತೆಯಲ್ಲಿ ೧೯೪೩ರಲ್ಲಿ ನೇಮಕವಾದ ಈ ಸಮಿತಿ ೧೯೪೬ರಲ್ಲಿ ನಾಲ್ಕು ಸಂಪುಟಗಳ ವರದಿಯನ್ನು ಒಪ್ಪಿಸಿತು. ಮುಂಬಯಿಯ ಕಾರ್ಮಿಕ ಮುಖಂಡರಾದ ಎನ್. ಎಂ. ಜೋಶಿಯವರೂ ಡಾ. ಬಿ. ಸಿ. ರಾಯ್, ಡಾ. ಲಕ್ಷ್ಮಣಸ್ವಾಮಿ ಮುದಲಿಯಾರ್ ಮೊದಲಾದವರೂ ಅದರ ಸದಸ್ಯರಾಗಿದ್ದರು. ಹಣವಿಲ್ಲವೆಂಬ ಕಾರಣದಿಂದ ಯಾರೊಬ್ಬನೂ ತಕ್ಕ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬುದು ಆ ವರದಿಯ ಮೂಲತತ್ತ್ವ. ಇಂಗ್ಲೆಂಡಿನಲ್ಲಿ ಬೆವರಿಜರ ವರದಿ ಹೊರಟದ್ದು ೧೯೪೨ರಲ್ಲಿ. ಅದರ ಬೆನ್ನಿಗೆ ೧೯೪೮ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಭೋರ್ ಸಮಿತಿ ಆ ಯುಗದ ಕೂಸು. ಆದರೆ ಅದು ಅನುಕರಣವಲ್ಲ. ವಿಮೆಯ ಕಂತು ಕಟ್ಟುವ ಶಕ್ತಿ ನಮ್ಮ ಬಹುಜನಕ್ಕಿಲ್ಲವೆಂಬುದನ್ನು ಕಂಡು, ತೆರಿಗೆಯ ಹಣದಿಂದ ನಡೆಯುವ ಉಚಿತ ಸೇವೆಯೇ ಇಲ್ಲಿಗೆ ತಕ್ಕುದೆಂದು ಅದು ನಿರ್ಧರಿಸಿತು.

ಕಾರ್ಯದ ನಿರೂಪಣೆಯಲ್ಲಿ ಈ ವರದಿಗೆ ಸಾಟಿಯಾದುದು ನಮ್ಮಲ್ಲಿ ಮತ್ತೆ ಬಂದಿಲ್ಲ. ತತ್ಕಾಲಕ್ಕೆ ೪೦,೦೦೦ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಮುಂದೆ ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೆ ೭೫ ಹಾಸಿಗೆಗಳ ಆಸ್ಪತ್ರೆ. ಅದರ ಮೇಲೆ ೬೫೦ ಹಾಸಿಗೆಗಳದು. ಜಿಲ್ಲೆಗೆ ೨,೫೦೦ ಹಾಸಿಗೆಗಳದು. ಹೀಗೆ ಪ್ರತಿಯೊಂದು ಮೆಟ್ಟಿಲಿಗೂ ಅಳತೆಯುಂಟು. ಹೊಣೆ ಯಾರದೆಂಬುದೂ ಉಂಟು. ಆದರೆ ಹಣವನ್ನು ಒದಗಿಸಬೇಕಾಗಿದ್ದ ಸರಕಾರ ಮರುವರ್ಷ ಇಲ್ಲವಾಯಿತು; ಹೊಸ ಸರಕಾರಕ್ಕೆ ವಿಭಜನೆಯ ಗಾಯವಿತ್ತು, ಅನ್ನದ ಕೊರತೆಯಿತ್ತು. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಆರೋಗ್ಯಕ್ಕೆ ದೊರೆತುದು ಒಟ್ಟು ಹಣದ ಶೇಕಡಾ ೩.೩ರಷ್ಟು. ೧೯೫೨ರಿಂದ ಸಮುದಾಯ ವಿಕಾಸ ಯೋಜನೆಯೊಡನೆ ಪ್ರಾಥಮಿಕ ಕೇಂದ್ರಗಳು ತೆರೆಯಲ್ಪಟ್ಟವಾದರೂ ೪೦,೦೦೦ಕ್ಕೊಂದರಂತೆ ಅಲ್ಲ, ವಿಕಾಸ ಖಂಡಕ್ಕೊಂದರಂತೆ. ೧೯೬೧ರ ಮುದಲಿಯಾರ್ ಸಮಿತಿ ಪರಿಶೀಲಿಸಿದಾಗ, ಹೊಸ ಕೇಂದ್ರಗಳನ್ನು ತೆರೆಯುವ ಮೊದಲು ಇದ್ದವನ್ನು ಬಲಪಡಿಸಿರೆಂದು ಹೇಳಬೇಕಾಯಿತು. ಭೋರರ ವರದಿ ಸೋತಿತೆನ್ನುವುದಕ್ಕಿಂತ ಅದಕ್ಕೆ ಭೂಮಿಯನ್ನು ಬಿಟ್ಟುಕೊಡಲಿಲ್ಲವೆನ್ನುವುದು ಸರಿ.

೪

ಭೂಮಿಯನ್ನು ಬಿಡಬೇಕಾದವರು ಯಾರು? ಇಲ್ಲಿ ಸಂವಿಧಾನದ ಕಡೆಗೆ ತಿರುಗಬೇಕಾಗುತ್ತದೆ. ಜನರ ಆರೋಗ್ಯವನ್ನು ಉತ್ತಮಪಡಿಸುವುದು ರಾಜ್ಯದ ಪ್ರಥಮ ಕರ್ತವ್ಯಗಳಲ್ಲೊಂದೆಂದು ೪೭ನೆಯ ಅನುಚ್ಛೇದ ಸಾರುತ್ತದೆ. ಏಳನೆಯ ಅನುಸೂಚಿಯಾದರೋ ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ, ದವಾಖಾನೆಗಳನ್ನು ರಾಜ್ಯಪಟ್ಟಿಯ ಆರನೆಯ ಬಾಬಿನಲ್ಲಿರಿಸಿದೆ. ಆದರೆ ಬೇಗ ಬೆಳೆಯುವ ತೆರಿಗೆಗಳನ್ನು ಎತ್ತುವ ಅಧಿಕಾರ ಹೆಚ್ಚಾಗಿ ಕೇಂದ್ರದ್ದು. ಹೊಣೆ ಒಬ್ಬನ ಕೈಯಲ್ಲಿ, ಚೀಲ ಇನ್ನೊಬ್ಬನ ಕೈಯಲ್ಲಿ. ಇದರ ನಡುವೆ ಸೇತುವೆ ಕಟ್ಟುವುದು ಹಣಕಾಸು ಆಯೋಗದ ಕೆಲಸ; ಇನ್ನೊಂದು ಸೇತುವೆ ಕೇಂದ್ರ ಪುರಸ್ಕೃತ ಯೋಜನೆಗಳು. ೨೦೦೫ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನವಾಗಿ ಆರಂಭವಾಗಿ, ೨೦೧೩ರಲ್ಲಿ ನಗರಗಳನ್ನೂ ಒಳಗೊಂಡ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಈಗ ಸಾಮಾನ್ಯವಾಗಿ ಕೇಂದ್ರದ್ದು ೬೦, ರಾಜ್ಯದ್ದು ೪೦ ಪಾಲು.

ಕೇಂದ್ರದ ಅಂದಾಜು ಸಿದ್ಧವಾಗುವ ಬಗೆಯನ್ನೂ ತಿಳಿಯುವುದು ಅಗತ್ಯ. ಶರತ್ಕಾಲದಲ್ಲಿ ಅರ್ಥ ಸಚಿವಾಲಯದಿಂದ ಸುತ್ತೋಲೆ ಹೊರಡುತ್ತದೆ. ಪ್ರತಿಯೊಂದು ಸಚಿವಾಲಯವೂ ತನ್ನ ಬೇಡಿಕೆಯನ್ನು ಒಪ್ಪಿಸುತ್ತದೆ. ಅಧಿಕಾರಿಗಳು ಎದುರುಬದುರು ಕುಳಿತು ಅದನ್ನು ಕತ್ತರಿಸುತ್ತಾರೆ. ಈ ಮಾತುಕತೆಯಲ್ಲಿ ಆರೋಗ್ಯ ಸಚಿವಾಲಯವನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಳೆದ ವರ್ಷ ಕೊಟ್ಟುದರಲ್ಲಿ ಎಷ್ಟು ಖರ್ಚಾಯಿತು? ದೇಶದಲ್ಲಿ ರೋಗವೆಷ್ಟು, ಅದನ್ನು ನೀಗಲು ಎಷ್ಟು ಬೇಕು ಎಂಬ ಲೆಕ್ಕಕ್ಕಿಂತ ಹಿಂದಿನ ವರ್ಷದ ಅಂಕೆಯೇ ಹೊಸ ಅಂಕೆಗೆ ತಳಪಾಯ. ಫೆಬ್ರುವರಿಯಲ್ಲಿ ಪತ್ರ ಮಂಡಿತವಾದ ಮೇಲೆ ಸ್ಥಾಯೀ ಸಮಿತಿ ಬೇಡಿಕೆಗಳನ್ನು ಪರಿಶೀಲಿಸುತ್ತದೆ. ಆದರೆ ಸದನದಲ್ಲಿ ಚರ್ಚೆಗೆ ಬರುವ ಸಚಿವಾಲಯಗಳು ಕೆಲವೇ. ಉಳಿದವನ್ನೆಲ್ಲ ಕೊನೆಯ ದಿನ ಒಟ್ಟಾಗಿ ಮತಕ್ಕೆ ಹಾಕಲಾಗುತ್ತದೆ. ಪಾರ್ಲಿಮೆಂಟಿನ ಪರಿಭಾಷೆಯಲ್ಲಿ ಇದಕ್ಕೆ ಗಿಲೋಟಿನ್ ಎಂದೇ ಹೆಸರು. ಮಂಜೂರಾದರೂ ಮಾರ್ಚ್ ೩೧ರೊಳಗೆ ಮುಗಿಯದ ಹಣ ಮರಳಿ ಬೊಕ್ಕಸಕ್ಕೆ ಸೇರುತ್ತದೆ. ಮೊದಲ ಕಂತು ತಡವಾಗಿ ಬಂದು, ವೈದ್ಯನ ನೇಮಕ ಇನ್ನೂ ತಡವಾಗಿ ಆಗಿ, ವರ್ಷಾಂತ್ಯದಲ್ಲಿ ಹಣವುಳಿದರೆ, ಆ ಉಳಿಕೆಯೇ ಮುಂದಿನ ಕಡಿತಕ್ಕೆ ಸಾಕ್ಷಿಯಾಗುತ್ತದೆ. ಬಡವನ ಮನೆಯ ಒಲೆ ಆರಿರುವುದನ್ನು ಕಂಡು, ಇವನಿಗೆ ಸೌದೆ ಬೇಡವೆಂದು ತೀರ್ಮಾನಿಸಿದಂತೆ ಇದು.

೫

ಇನ್ನು ರಾಷ್ಟ್ರೀಯ ಆರೋಗ್ಯ ನೀತಿಗಳನ್ನು ನೋಡೋಣ. ಇಂಥವು ೧೯೮೩, ೨೦೦೨, ೨೦೧೭ರಲ್ಲಿ ಮೂರು ಬಂದಿವೆ. ಹಣದ ವಿಷಯದಲ್ಲಿ ಕೊನೆಯ ಎರಡನ್ನು ಮಗ್ಗುಲಲ್ಲಿರಿಸಿ ಓದಿದರೆ ಒಂದು ವಿಚಿತ್ರವು ಕಣ್ಣಿಗೆ ಬೀಳುತ್ತದೆ. ೨೦೦೨ರ ನೀತಿಯ ಪ್ರಕಾರ ಸರಕಾರಗಳ ಆರೋಗ್ಯವೆಚ್ಚವು ೨೦೧೦ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇಕಡಾ ೨ಕ್ಕೆ ಏರಬೇಕು. ರಾಜ್ಯಗಳು ತಮ್ಮ ಆಯವ್ಯಯದ ಶೇಕಡಾ ೮ನ್ನು ಆರೋಗ್ಯಕ್ಕೆ ತೆಗೆದಿಡಬೇಕು. ೨೦೧೭ರ ನೀತಿಯ ಪ್ರಕಾರ ೨೦೨೫ರೊಳಗೆ ಶೇಕಡಾ ೨.೫, ರಾಜ್ಯಗಳದು ೨೦೨೦ರೊಳಗೆ ಶೇಕಡಾ ೮ಕ್ಕಿಂತ ಹೆಚ್ಚು. ಹದಿನೈದನೆಯ ಹಣಕಾಸು ಆಯೋಗವು ಅದೇ ಶೇಕಡಾ ೮ನ್ನು ಹೇಳಿ ೨೦೨೨ರ ಗಡುವನ್ನು ಇಟ್ಟಿತು. ಅಂಕೆ ಅಲ್ಲಿಯೇ ನಿಂತಿತು. ಗಡುವು ಮಾತ್ರ ಹನ್ನೆರಡು ವರ್ಷ ನಡೆದುಹೋಯಿತು.

ನೀತಿಕಾರರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ೨೦೧೭ರ ನೀತಿಯು, ಹಣದ ಮೂರನೆಯ ಎರಡು ಪಾಲಾದರೂ ಪ್ರಾಥಮಿಕ ಆರೈಕೆಗೆ ಹೋಗಬೇಕೆಂದುದು ವಿವೇಕದ ಮಾತು. ಆದರೆ ನಮ್ಮ ಒರೆಗಲ್ಲಿಗೆ ಹಚ್ಚಿದಾಗ ಏನು ಕಾಣುತ್ತದೆ? ಕಾರ್ಯವುಂಟು, ಕಾಲವುಂಟು. ಈ ಶೇಕಡಾ ೨.೫ರಲ್ಲಿ ಕೇಂದ್ರದ ಪಾಲು ವರ್ಷವರ್ಷಕ್ಕೆ ಇಷ್ಟು, ಅದು ಇಂಥ ತೆರಿಗೆಯಿಂದ, ತಪ್ಪಿದರೆ ಉತ್ತರ ಹೇಳಬೇಕಾದವರು ಇಂಥವರು ಎಂಬ ಮಾತಿಲ್ಲ. ಎಲ್ಲೆಯಿಲ್ಲದ ಭೂಮಿಯ ದಾನವಿದು. ೨೦೨೫ ಬಂದಿತು. ಆ ೨೦೨೫–೨೬ರ ಕೇಂದ್ರದ ಅಂದಾಜಿನಲ್ಲಿ ಆರೋಗ್ಯ ಸಚಿವಾಲಯಕ್ಕೆ, ಸಂಶೋಧನಾ ಇಲಾಖೆಯೂ ಸೇರಿ, ದೊರೆತುದು ಸುಮಾರು ೯೯,೮೫೯ ಕೋಟಿ ರೂಪಾಯಿ. ಒಟ್ಟು ಆಯವ್ಯಯ ೫೦,೬೫,೩೪೫ ಕೋಟಿ. ಎಂದರೆ ನೂರು ರೂಪಾಯಿಯಲ್ಲಿ ಎರಡಕ್ಕಿಂತ ತುಸು ಕಡಮೆ.

ಇದರೊಡನೆ ಮುಂಬಯಿ ನಗರಪಾಲಿಕೆಯ ಅದೇ ವರ್ಷದ ಅಂದಾಜನ್ನು ಹೋಲಿಸಬಹುದು. ಸುಮಾರು ೭೪,೪೨೭ ಕೋಟಿಯಲ್ಲಿ ೭,೩೮೦ ಕೋಟಿಯಷ್ಟು ಆರೋಗ್ಯಕ್ಕೆ. ನೂರರಲ್ಲಿ ಹತ್ತರ ಸನಿಹ. ಹೋಲಿಕೆ ಪೂರ್ಣವಾಗಿ ನ್ಯಾಯವಲ್ಲ. ಕೇಂದ್ರಕ್ಕೆ ಸೈನ್ಯವುಂಟು, ಸಾಲದ ಬಡ್ಡಿಯುಂಟು. ಆದರೂ ಪಾಲಿಕೆಯು ಇಷ್ಟನ್ನು ತೆಗೆದಿಡುವುದಕ್ಕೆ ಕಾರಣವೊಂದಿದೆ. ಆಸ್ಪತ್ರೆಗಳನ್ನು ನಡೆಸುವುದು ೧೮೮೮ರ ಮುನಿಸಿಪಲ್ ಕಾಯಿದೆಯಲ್ಲಿ ಕಡ್ಡಾಯ ಕರ್ತವ್ಯಗಳ ಪಟ್ಟಿಗೆ ಸೇರಿದೆ. ಐಚ್ಛಿಕ ಕರ್ತವ್ಯಗಳ ಪಟ್ಟಿ ಬೇರೆಯೇ ಇದೆ. ಕೆ. ಇ. ಎಂ., ಶೀವ, ನಾಯರ್ ಆಸ್ಪತ್ರೆಗಳು ನಿಂತಿರುವುದು ಈ ಕಡ್ಡಾಯದ ತಳಹದಿಯ ಮೇಲೆ.

೬

ಅಂಕೆಗಳನ್ನು ಓದುವುದರಲ್ಲಿಯೂ ಜಾಗರೂಕತೆ ಬೇಕು. ೨೦೨೧–೨೨ರ ಆಯವ್ಯಯವನ್ನು ಮಂಡಿಸುವಾಗ 'ಆರೋಗ್ಯ ಮತ್ತು ಯೋಗಕ್ಷೇಮ'ಕ್ಕೆ ೨,೨೩,೮೪೬ ಕೋಟಿ ರೂಪಾಯಿಗಳನ್ನಿಟ್ಟಿರುವುದಾಗಿಯೂ ಇದು ಹಿಂದಿನ ವರ್ಷದ ೯೪,೪೫೨ ಕೋಟಿಗಿಂತ ಶೇಕಡಾ ೧೩೭ರಷ್ಟು ಅಧಿಕವೆಂದೂ ಸಾರಲಾಯಿತು. ಈ ಮೊತ್ತವನ್ನು ಬಿಡಿಸಿದರೆ ಅದರಲ್ಲಿ ಕುಡಿಯುವ ನೀರು ಮತ್ತು ನೈರ್ಮಲ್ಯದ ಇಲಾಖೆಗೆ ೬೦,೦೩೦ ಕೋಟಿ; ಕೋವಿಡ್ ಲಸಿಕೆಗೆ ೩೫,೦೦೦ ಕೋಟಿ; ಹಣಕಾಸು ಆಯೋಗದ ನೀರು, ನೈರ್ಮಲ್ಯದ ಅನುದಾನ ೩೬,೦೨೨ ಕೋಟಿ, ಆರೋಗ್ಯದ ಅನುದಾನ ೧೩,೧೯೨ ಕೋಟಿ; ಮಿಕ್ಕವು ಸಣ್ಣ ಬಾಬುಗಳು. ಆಸ್ಪತ್ರೆ, ಆರೋಗ್ಯ ಕೇಂದ್ರಗಳನ್ನು ನೋಡಿಕೊಳ್ಳುವ ಆರೋಗ್ಯ ಇಲಾಖೆಯ ಅಂದಾಜು ಮಾತ್ರ ೬೫,೦೧೨ರಿಂದ ೭೧,೨೬೯ ಕೋಟಿಗೆ ಏರಿತ್ತು. ಏರಿಕೆ ನೂರಕ್ಕೆ ಹತ್ತರೊಳಗೆ.

ನೀರು ಆರೋಗ್ಯವಲ್ಲವೇ ಎಂದು ಯಾರಾದರೂ ಕೇಳಿದರೆ ಉತ್ತರ ಸ್ಪಷ್ಟ: ನೀರೂ ಆರೋಗ್ಯವೇ. ವಡಾಲದ ಬೀದಿಗಳ ಕಥೆಯನ್ನು ಮೇಲೆ ಹೇಳಿದ ನಾವು ಅದನ್ನು ಅಲ್ಲಗಳೆಯಲಾರೆವು. ಆಕ್ಷೇಪ ಬೇರೆಯದು. ಸಾಂಕ್ರಾಮಿಕದ ನಡುವೆ ಹಾಸಿಗೆ, ಆಮ್ಲಜನಕ, ದಾದಿಯರಿಗಾಗಿ ಪರದಾಡಿದ ಜನ 'ಆರೋಗ್ಯ'ವೆಂದಾಗ ಅರ್ಥಮಾಡಿಕೊಂಡದ್ದು ಒಂದು, ಪತ್ರದಲ್ಲಿ ಇದ್ದುದು ಇನ್ನೊಂದು. ಶಬ್ದದ ವ್ಯಾಪ್ತಿಯನ್ನು ವಿಸ್ತರಿಸಿದಾಗ ಅದನ್ನು ವಾಚಕನಿಗೆ ಎದ್ದುಕಾಣುವಂತೆ ತಿಳಿಸಬೇಕಾದುದು ಗ್ರಂಥಕಾರನ ಧರ್ಮ; ಅರ್ಥಸಚಿವನಿಗೂ ಅದು ಅನ್ವಯಿಸುತ್ತದೆ.

ಹಾಗಾದರೆ ಮೂಲವನ್ನು ಹೆಸರಿಸಿದ ಹಣವೇ ಇಲ್ಲವೇ? ಇದೆ. ೨೦೧೮–೧೯ರಿಂದ ಆದಾಯ ತೆರಿಗೆಯ ಮೇಲೆ ಶೇಕಡಾ ೪ರ ಆರೋಗ್ಯ ಮತ್ತು ಶಿಕ್ಷಣ ಉಪಕರವನ್ನು ವಿಧಿಸಲಾಗಿದೆ. ಅದರಲ್ಲಿ ಆರೋಗ್ಯದ ಪಾಲನ್ನು, ವರ್ಷಾಂತ್ಯದಲ್ಲಿ ಲೋಪವಾಗದ ಪ್ರತ್ಯೇಕ ನಿಧಿಯಲ್ಲಿಡಬೇಕೆಂದು ೨೦೨೧ರಲ್ಲಿ ಸಚಿವ ಸಂಪುಟ ನಿರ್ಣಯಿಸಿತು. ದತ್ತಿಯ ಕ್ರಮಕ್ಕೆ ಅತ್ಯಂತ ಹತ್ತಿರ ಬಂದುದು ಇದು, ಇದನ್ನು ಮೆಚ್ಚಬೇಕು. ಆದರೆ ೨೦೦೦ದ ಎಂಬತ್ತನೆಯ ತಿದ್ದುಪಡಿಯಂತೆ ಉಪಕರವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ತೆರಿಗೆಗಳಿಗೆ ಸೇರದು. ಆಸ್ಪತ್ರೆ ನಡೆಸುವ ಹೊಣೆಯಿರುವ ರಾಜ್ಯಕ್ಕೆ ಆರೋಗ್ಯದ ಹೆಸರಿನ ತೆರಿಗೆಯಲ್ಲಿ ಹಕ್ಕಿನ ಪಾಲಿಲ್ಲ; ಬಂದರೆ ಯೋಜನೆಯ ರೂಪದಲ್ಲಿ, ಕೇಂದ್ರದ ಷರತ್ತಿನೊಡನೆ ಬರಬೇಕು.

೭

ಇಷ್ಟರವರೆಗೆ ಹೇಳಿದುದು ಅಚ್ಚಾದ ಪುಟಗಳ ಮಾತು. ಅಚ್ಚಾಗದ ಪುಟವೊಂದಿದೆ. ಸರಕಾರ ಕೊಡದೆ ಬಿಟ್ಟ ಹಣವನ್ನು ಯಾರಾದರೂ ಕೊಡಲೇಬೇಕಷ್ಟೆ; ಅದನ್ನು ರೋಗಿಯ ಮನೆಯವರು ಕೊಡುತ್ತಾರೆ. ೨೦೨೧–೨೨ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಪ್ರಕಾರ ದೇಶದ ಒಟ್ಟು ಆರೋಗ್ಯವೆಚ್ಚ ೯,೦೪,೪೬೧ ಕೋಟಿ ರೂಪಾಯಿ. ಅದರಲ್ಲಿ ಎಲ್ಲ ಸರಕಾರಗಳದು ಸೇರಿ ೪,೩೪,೧೬೩ ಕೋಟಿ. ರೋಗಿಗಳು ಚಿಕಿತ್ಸೆಯ ವೇಳೆಗೆ ಕೈಯಿಂದ ತೆತ್ತುದು ೩,೫೬,೨೫೪ ಕೋಟಿ. ಆ ವರ್ಷದ ಆಯವ್ಯಯದಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯಕ್ಕೆ ಇಟ್ಟಿದ್ದುದರ ಸುಮಾರು ಐದು ಪಟ್ಟು ಇದು. ಯಾವ ಸದನವೂ ಇದನ್ನು ಮಂಜೂರು ಮಾಡಲಿಲ್ಲ. ಯಾವ ಸಚಿವನೂ ಇದಕ್ಕೆ ಉತ್ತರ ಹೇಳಲಿಲ್ಲ. ಆದರೆ ರಾಷ್ಟ್ರದ ಆರೋಗ್ಯಾಯವ್ಯಯದ ದೊಡ್ಡ ಬಾಬುಗಳಲ್ಲಿ ಇದೊಂದು. ಒಡವೆ ಅಡವಿಟ್ಟು, ಹೊಲ ಮಾರಿ, ಸಂಬಂಧಿಕರಲ್ಲಿ ಕೈಚಾಚಿ ವಸೂಲಾಗುವ ತೆರಿಗೆಯಿದು; ಹೆಚ್ಚು ರೋಗಿಯಾದವನು ಹೆಚ್ಚು ತೆರುವ ತೆರಿಗೆ.

ವಿಮರ್ಶಕನು ಒಳಿತನ್ನೂ ಹೇಳಬೇಕು. ಕೈಯಿಂದ ತೆರುವ ಪಾಲು ೨೦೦೪–೦೫ರಲ್ಲಿ ಶೇಕಡಾ ೬೯.೪ ಇದ್ದುದು ೨೦೧೩–೧೪ರಲ್ಲಿ ೬೪.೨ಕ್ಕೂ ೨೦೨೧–೨೨ರಲ್ಲಿ ೩೯.೪ಕ್ಕೂ ಇಳಿದಿದೆ. ಸರಕಾರಗಳ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇಕಡಾ ೧.೧೫ರಿಂದ ೧.೮೪ಕ್ಕೆ ಏರಿದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಎರಡು ಎಚ್ಚರಿಕೆಗಳು ಅವಶ್ಯ. ೨೦೨೧–೨೨ ಸಾಂಕ್ರಾಮಿಕದ ವರ್ಷ. ಲಸಿಕೆಯ ದೊಡ್ಡ ಖರ್ಚು ಅದರಲ್ಲಿ ಸೇರಿದೆ. ಎರಡನೆಯದಾಗಿ, ಮನೆಯವರ ಖರ್ಚಿನ ಲೆಕ್ಕವು ೨೦೧೭–೧೮ರ ಮಾದರಿ ಸಮೀಕ್ಷೆಯನ್ನು ಆಧರಿಸಿ ಮುಂದಕ್ಕೆ ಎಳೆದುದು. ಅಲ್ಲದೆ, ಖರ್ಚಿಗೆ ಹೆದರಿ ವೈದ್ಯನಲ್ಲಿಗೇ ಹೋಗದವನ ಖರ್ಚು ಸೊನ್ನೆ. ಅವನ ನೋವು ಈ ಲೆಕ್ಕದಲ್ಲಿ ಉಳಿತಾಯವಾಗಿ ತೋರುತ್ತದೆ.

೮

ಈಗ ಮತ್ತೆ ವಡಾಲಕ್ಕೆ ಬರೋಣ. ರೈಲು ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ದುಡಿಯುವ, ಕುಂದಾಪುರದ ಕಡೆಯ ಒಬ್ಬ ಕೆಲಸಗಾರನನ್ನು ಕಲ್ಪಿಸಿಕೊಳ್ಳಿರಿ. ಇಂಥವರನ್ನು ನಾವೆಲ್ಲರೂ ಬಲ್ಲೆವು. ಅವನ ಪಡಿತರ ಚೀಟಿ ಊರಿನಲ್ಲಿ, ತಾಯಿಯ ಬಳಿ ಇದೆ. ಬಡಕುಟುಂಬಗಳಿಗಾಗಿ ಕರ್ನಾಟಕ ಸರಕಾರ ನಡೆಸುವ ಆರೋಗ್ಯ ಯೋಜನೆಯಲ್ಲಿ ಅವನ ಹೆಸರಿರುವುದು ಆ ಚೀಟಿಯ ಬಲದಿಂದ. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆಗೆ ಈ ರಾಜ್ಯದ ಚೀಟಿ ಅಥವಾ ವಾಸ್ತವ್ಯದ ದಾಖಲೆ ಬೇಕು, ಅದು ಅವನಲ್ಲಿಲ್ಲ. ೨೦೧೮ರಲ್ಲಿ ಆರಂಭವಾದ ಕೇಂದ್ರದ ಆಯುಷ್ಮಾನ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಯಾವ ರಾಜ್ಯದಲ್ಲಿಯೂ ಚಿಕಿತ್ಸೆ ಕೊಡಿಸಬಲ್ಲುದು. ಆದರೆ ಮೂಲತಃ ೨೦೧೧ರ ಗಣತಿಯಿಂದ ತೆಗೆದ ಆ ಪಟ್ಟಿಯಲ್ಲಿ ಹೆಸರಿರಬೇಕು, ರೋಗಿ ಆಸ್ಪತ್ರೆಯಲ್ಲಿ ದಾಖಲಾಗಬೇಕು. ಮಧುಮೇಹಕ್ಕೋ ರಕ್ತದ ಒತ್ತಡಕ್ಕೋ ದಿನವೂ ನುಂಗುವ ಗುಳಿಗೆಗೆ ಅದರಿಂದ ಪ್ರಯೋಜನವಿಲ್ಲ. ನೌಕರರ ರಾಜ್ಯವಿಮೆಗೆ ೧೯೪೮ರಲ್ಲಿಯೇ ಕಾಯಿದೆ ಬಂದಿತು. ಹೋಟೆಲು ಚಿಕ್ಕದಾಗಿ, ಕೆಲಸಗಾರರ ಸಂಖ್ಯೆ ನಿಯಮದ ಮಿತಿಗಿಂತ ಕಡಮೆಯಾದರೆ ಅದೂ ಅವನನ್ನು ಮುಟ್ಟದು.

ಕೊನೆಗೆ ಅವನಿಗೆ ಉಳಿಯುವುದು ಪಾಲಿಕೆಯ ಆಸ್ಪತ್ರೆ. ಅದು ಊರಾವುದೆಂದು ಕೇಳದೆ ಒಳಗೆ ಸೇರಿಸಿಕೊಳ್ಳುತ್ತ ಬಂದಿದೆ. ಮುಂಬಯಿಯ ಹಿರಿಮೆಗಳಲ್ಲಿ ಇದು ದೊಡ್ಡದು. ಆದರೆ ಹೊರಗಿನಿಂದ ಬಂದವರಿಗೆ ನಮ್ಮ ತೆರಿಗೆಯೇಕೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಆ ಮಾತನ್ನು ಬರಿಯ ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದಿರುವ ಲೆಕ್ಕದ ದೋಷವನ್ನು ಕಾಣುವುದು ಕಷ್ಟ. ೨೦೧೭ರ ಜುಲೈವರೆಗೆ ನಗರಪಾಲಿಕೆಗೆ ಆಕ್ಟ್ರಾಯ್ ಬರುತ್ತಿತ್ತು. ವಡಾಲದ ಕೆಲಸಗಾರ ಬಳಸುವ, ನಗರದ ಗಡಿ ದಾಟಿ ಬರುವ ಅನೇಕ ಸರಕುಗಳು ಸುಂಕ ತೆತ್ತೇ ಒಳಬರುತ್ತಿದ್ದವು. ಚೀಟಿ ಯಾವ ಊರಿನದಾದರೂ ಅವನು ನಗರದ ತೆರಿಗೆದಾರನೇ ಆಗಿದ್ದನು. ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆ ಆ ಆದಾಯ ನಿಂತು, ಅದರ ಬದಲಿಗೆ ರಾಜ್ಯದಿಂದ ಪರಿಹಾರ ಬರುತ್ತಿದೆ. ಅವನು ತೆರುವ ತೆರಿಗೆ ಈಗಲೂ ಇದೆ. ಅದರ ಮೇಲೆ ಅವನ ಗುರುತು ಮಾತ್ರ ಅಳಿಸಿಹೋಗಿದೆ.

ದೋಷದ ಬೇರು ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ನಮ್ಮ ಆರೋಗ್ಯದ ಹಣ ಮನುಷ್ಯನನ್ನು ಹಿಂಬಾಲಿಸದೆ ಅವನ ಕಾಗದವನ್ನು ಹಿಂಬಾಲಿಸುತ್ತದೆ. ಕಾಗದ ಊರಿನಲ್ಲಿಯೂ ರೋಗ ಮುಂಬಯಿಯಲ್ಲಿಯೂ ಇದ್ದರೆ ಎರಡು ರಾಜ್ಯಗಳ ಆಯವ್ಯಯಗಳ ನಡುವಿನ ಬಿರುಕಿನಲ್ಲಿ ಅವನು ಬೀಳುತ್ತಾನೆ. ಅಚ್ಚಾಗದ ಪುಟದಲ್ಲಿ ಅವನ ಹೆಸರು ದೊಡ್ಡ ಅಕ್ಷರಗಳಲ್ಲಿರುವುದು ಆ ಕಾರಣದಿಂದ.

೯

ಇದಕ್ಕೆ ಪರಿಹಾರ ಅಸಾಧ್ಯವಲ್ಲ. ೨೦೦೨ರಲ್ಲಿ ಸಾರ್ವತ್ರಿಕ ಚಿಕಿತ್ಸೆಯನ್ನು ಜಾರಿಗೆ ತಂದ ಥೈಲೆಂಡ್, ತಲೆಯೊಂದಕ್ಕೆ ಇಷ್ಟೆಂದು ವರ್ಷದ ಮೊತ್ತವನ್ನು ಗೊತ್ತುಮಾಡಿ, ಜನಸಂಖ್ಯೆಯಿಂದ ಗುಣಿಸಿ, ಸಾಮಾನ್ಯ ತೆರಿಗೆಯಿಂದ ಅದನ್ನು ತೆಗೆದಿಡುವ ಕ್ರಮವನ್ನು ಅನುಸರಿಸಿತು. ಅಂಥ ಲೆಕ್ಕದಲ್ಲಿ ಹಿಂದಿನ ವರ್ಷ ಎಷ್ಟು ಖರ್ಚಾಯಿತೆಂಬುದಕ್ಕಿಂತ ಜನ ಎಷ್ಟಿದ್ದಾರೆಂಬುದು ಮುಖ್ಯವಾಗುತ್ತದೆ. ನಮ್ಮಲ್ಲಿಯೂ ಹದಿನೈದನೆಯ ಹಣಕಾಸು ಆಯೋಗವು ೨೦೨೧ರಿಂದ ೨೦೨೬ರವರೆಗಿನ ಐದು ವರ್ಷಗಳಿಗೆ ೭೦,೦೫೧ ಕೋಟಿ ರೂಪಾಯಿಗಳನ್ನು ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಹಣ ಎಷ್ಟು, ಯಾವ ಕಾಲಕ್ಕೆ, ಯಾರ ಕೈಗೆ ಎಂಬ ಮೂರೂ ಅದರಲ್ಲಿದ್ದವು. ಇಂಥ ಅನುದಾನವನ್ನು ಹಂಚುವಾಗ ನಗರದಲ್ಲಿ ವಸ್ತುತಃ ಇರುವ ಜನರನ್ನು, ಚೀಟಿ ಎಲ್ಲಿಯದೇ ಇರಲಿ, ಎಣಿಸುವಂತಾದರೆ ಪಾಲಿಕೆಯ ದೂರಿಗೂ ಕೆಲಸಗಾರನ ಅಳುಕಿಗೂ ಒಟ್ಟಿಗೆ ಉತ್ತರ ದೊರೆತೀತು.

ಸರಕಾರದ ಕರ್ತವ್ಯವನ್ನು ಹೇಳಿ ಕೈತೊಳೆದುಕೊಳ್ಳುವುದು ನಮ್ಮಂಥ ಸಂಘಗಳಿಗೆ ತಕ್ಕುದಲ್ಲ. ಮುಂಬಯಿಯ ನಮ್ಮ ಸಂಘಸಂಸ್ಥೆಗಳಲ್ಲಿ ಅನೇಕವು ವೈದ್ಯಕೀಯ ಸಹಾಯನಿಧಿಗಳನ್ನು ನಡೆಸುತ್ತಿವೆ. ಅವುಗಳಿಗೆ ಬರುವ ಅರ್ಜಿಗಳಲ್ಲಿ ಶಸ್ತ್ರಚಿಕಿತ್ಸೆಗೆ ತಗಲಿದುದೆಷ್ಟು, ಸಾಲವೆಷ್ಟು, ಊರಿನ ಚೀಟಿ ಇಲ್ಲಿ ನಡೆಯದೆ ಹೋದುದು ಏಕೆ ಎಂಬುದೆಲ್ಲ ಕನ್ನಡದಲ್ಲಿಯೇ ಬರೆದಿರುತ್ತದೆ. ಸಹಾಯ ಮಂಜೂರಾದ ಮೇಲೆ ಅವು ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಹೆಸರುಗಳನ್ನು ತೆಗೆದು, ಅಂಕೆಗಳನ್ನು ಮಾತ್ರ ಕೂಡಿಸಿ, ಹತ್ತಿಪ್ಪತ್ತು ವರ್ಷಗಳ ಅರ್ಜಿಗಳನ್ನು ಕ್ರಮವಾಗಿ ಪರಿಶೀಲಿಸಿದರೆ, ರಾಷ್ಟ್ರದ ಲೆಕ್ಕಪತ್ರಕ್ಕೆ ನಿಲುಕದ ಸಂಗತಿಗಳು ದೊರೆಯುವುದರಲ್ಲಿ ಸಂದೇಹವಿಲ್ಲ. ಶಿಲಾಶಾಸನಗಳ ಪಾಠವನ್ನು ಅಕ್ಷರ ತಪ್ಪದೆ ನಿರ್ಣಯಿಸುವ ವಿದ್ವಾಂಸರು ನಮ್ಮಲ್ಲಿರುವಾಗ ಈ ಕಾಗದದ ಶಾಸನಗಳನ್ನು ಓದುವುದು ಕಷ್ಟವಲ್ಲ. ಕೆಲಸವನ್ನು ವಡಾಲದಿಂದಲೇ ಆರಂಭಿಸಬಹುದು. ಅಚ್ಚಾಗದ ಪುಟವನ್ನು ಅಚ್ಚಿಗೆ ತರುವುದು ಒಂದು ಸಂಶೋಧನ ತ್ರೈಮಾಸಿಕಕ್ಕೆ ಒಪ್ಪುವ ಕಾರ್ಯವೆಂದು ನಾವು ನಂಬಿದ್ದೇವೆ.